ಎಲ್ಲಿಗೂ ಹೋಗದ ಮೆಟ್ಟಿಲು

ಚಿತ್ರವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಪೊಲೀಸಮ್ಮ ಅದರ ಬೆನ್ನು ನೋಡುತ್ತ ಕೂತಿದ್ದಳು.

“ಎಲ್ಲರೂ ಆ ಕಡೆಯಿಂದ ನೋಡ್ತಾರೆ, ಮೇಡಂ,” ಎಂದರು ಚಿತ್ರದಂಗಡಿಯ ಯಜಮಾನರು.

“ಎಲ್ಲರೂ ನೋಡಿ ಆಯ್ತಲ್ಲ. ಏನು ಸಿಕ್ತು?”

ಕೆರೆಗೆ ಬಿದ್ದು ಸತ್ತು ಮಣ್ಣಾಗಿದ್ದ ಚಿತ್ರದ ಮೇಷ್ಟ್ರ ಕೈಯದೇ ಎನ್ನಿಸುವ ಹೊಸ ಚಿತ್ರವೊಂದು ಅಂಗಡಿಗೆ ಬಂದಿತ್ತು. ನಕಲು ಮಾಡುತ್ತಿರುವ ಕಳ್ಳನನ್ನು ಹುಡುಕಿಕೊಡಿ ಎಂದು ಮೇಷ್ಟ್ರ ಹೆಂಡತಿಯೇ ಪೊಲೀಸಮ್ಮನ ಬಾಗಿಲು ತಟ್ಟಿದ್ದಳು. ಇಲ್ಲಿಯವರೆಗೆ ನಡೆದದ್ದು ಇಷ್ಟು.

ಪೊಲೀಸು ಕೆಲಸವನ್ನು ಆಕೆ ಬಿಟ್ಟರೂ ಆ ಹೆಸರು ಆಕೆಯನ್ನು ಬಿಟ್ಟಿರಲಿಲ್ಲ. ಹಾಲಿನವನಿಂದ ಹಿಡಿದು ಮನೆ ಮಾಲೀಕರವರೆಗೆ ಎಲ್ಲರಿಗೂ ಅವಳು ಪೊಲೀಸಮ್ಮ. ಮದುವೆಯಾದ ಮೂರನೆಯ ವರ್ಷಕ್ಕೇ ಗಂಡ ಹೋದ. ಜೊತೆಗಿದ್ದ ಅಣ್ಣನ ಮಕ್ಕಳು ದೊಡ್ಡವರಾಗಿ ಅವರವರ ದಾರಿ ಹಿಡಿದರು. ಈಗ ಒಂದು ಕೋಣೆ, ಒಂದು ಒಲೆ, ಒಂದು ರೇಡಿಯೊ. ಹೊರಗೆ ಹೊರಟಾಗ ರೇಡಿಯೊ ಆರಿಸುತ್ತಿರಲಿಲ್ಲ. ಬೀಗ ತೆಗೆದು ಒಳಗೆ ಕಾಲಿಡುವಾಗ ಯಾರದಾದರೂ ದನಿ ಇರಲಿ ಎಂದು.

ಚಿತ್ರದ ಬಟ್ಟೆಯ ಅಂಚನ್ನು ಅವಳು ಉಗುರಿನಿಂದ ಎತ್ತಿ ನೋಡಿದಳು. ಸಾಮಾನ್ಯವಾಗಿ ಚಿತ್ರಕಾರರು ಕೊಳ್ಳುವ ಬಟ್ಟೆಯಲ್ಲ. ದಪ್ಪಗೆ, ಒರಟಾಗಿ, ನಡುವೆ ಹೊಲಿಗೆ ಹಾಕಿ ಜೋಡಿಸಿದ್ದು. ಒಂದು ಬದಿಯಲ್ಲಿ ಹಗ್ಗ ಪೋಣಿಸಲು ಹಿತ್ತಾಳೆಯ ಬಳೆ ಕೂರಿಸಿದ ಎರಡು ತೂತುಗಳು.

“ಲಾರಿಗೆ ಹೊದಿಸೋ ತಾಡಪಾಲು ಇರಬೇಕು,” ಎಂದರು ಯಜಮಾನರು. “ಕಳ್ಳಮಾಲಿಗೆ ಇದೇ ಜಾಸ್ತಿ.”

ತಾಡಪಾಲಿಗೆ ಯಾರಾದರೂ ಬಣ್ಣ ಬಳಿಯುತ್ತಾರೆಯೇ? ಅಂಚನ್ನು ಮಡಚಿ ಮೊಳೆ ಹೊಡೆದಿದ್ದ ಕಡೆ, ಮಡಿಕೆಯೊಳಗೆ, ನೀಲಿ ಬಣ್ಣದ ಒಂದು ಪಟ್ಟಿ ಇಣುಕುತ್ತಿತ್ತು. ನೀಲಿಯ ನಡುವೆ ಹತ್ತಿಯುಂಡೆಯಂಥ ಬಿಳಿ. ಪೊಲೀಸಮ್ಮ ಅಂಚನ್ನು ಮೊದಲಿನಂತೆ ಮಡಚಿದಳು. ಇದನ್ನು ತಂದುಕೊಟ್ಟವನು ಯಾರೆಂದು ಮತ್ತೊಮ್ಮೆ ಕೇಳಿದಳು. ಯಜಮಾನರು ಹಿಂದೆ ಹೇಳಿದ್ದನ್ನೇ ಹೇಳಿದರು. ಕಿವಿ ಮಂದವಾದ ಒಬ್ಬ ಮುದುಕ, ಮುಖ ಮುಚ್ಚುವಂಥ ಟೋಪಿ, ಕೇಳಿದ್ದಕ್ಕೆಲ್ಲ ತಲೆಯಾಡಿಸಿ ಹೊರಟುಹೋದ.

“ಚೌಕಟ್ಟು ಹಾಕಿರಲಿಲ್ವಾ?”

“ಬರೀ ಮೈಯಲ್ಲೇ ಬಂತು. ಮೇಷ್ಟ್ರ ಚಿತ್ರ ಯಾವತ್ತೂ ಹಾಗೆ ಬಂದದ್ದಿಲ್ಲ. ಚೌಕಟ್ಟಿನವನು ಹಾಕಿಯೇ ಕಳಿಸ್ತಿದ್ದ.”

ಚೌಕಟ್ಟಿನವನ ಅಂಗಡಿಗೆ ಪೊಲೀಸಮ್ಮ ಹಿಂದಿನ ದಿನವೇ ಹೋಗಿಬಂದಿದ್ದಳು. ಓಣಿಯ ಕೊನೆಯಲ್ಲಿ ಒಬ್ಬ ಮನುಷ್ಯ ಕಷ್ಟಪಟ್ಟು ಹಿಡಿಸುವಷ್ಟು ಜಾಗ. ಬಾಗಿಲಿಗೆ ಬೀಗ, ಬೀಗದ ಮೇಲೆ ಧೂಳು. ಪಕ್ಕದ ದರ್ಜಿಯನ್ನು ಕೇಳಿದ್ದಕ್ಕೆ ಅವನು, ಎಲ್ಲೋ ಹೋಗಿರಬೇಕು ಎಂದ. ಯಾವತ್ತಿನಿಂದ ಎಂದರೆ ತಲೆ ಕೆರೆದುಕೊಂಡ. ಹೇಳಿ ಹೋಗಲು ಅವನಿಗೆ ಯಾರಿದ್ದಾರೆ ಎಂದು ತಿರುಗಿ ಇವಳನ್ನೇ ಕೇಳಿದ. ಆ ಮಾತು ಪೊಲೀಸಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿತ್ತು.

ಅವಳು ಚಿತ್ರವನ್ನು ತಿರುಗಿಸಿದಳು.

ವಿಶಾಲವಾದ ಖಾಲಿ ನೆಲ. ನೆಲದ ಮೇಲೆ ಮರದ ಮೆಟ್ಟಿಲು, ಹಿಡಿದು ಹತ್ತಲು ಚೆಂದದ ಕೈಹಿಡಿಯೂ ಇರುವ ಮೆಟ್ಟಿಲು. ಆದರೆ ಅದು ಎಲ್ಲಿಗೂ ಹೋಗುತ್ತಿರಲಿಲ್ಲ, ನಡು ಆಕಾಶದಲ್ಲಿ ನಿಂತುಬಿಟ್ಟಿತ್ತು. ಗೋಡೆಗೆ ಒರಗಿ ಕೂತ ಚಂದ್ರ, ಒಬ್ಬ ಆಳಿನಷ್ಟು ಎತ್ತರ. ಮೇಲಿಂದ ತೂಗುವ ಅರ್ಧ ದೋಣಿ. ದೋಣಿಯ ಕೆಳಗೆ ಸಿಂಹಾಸನ. ಸಿಂಹಾಸನದ ಮೇಲೆ ರಾಜನಿರಲಿಲ್ಲ, ಒಂದು ಅಲ್ಯೂಮಿನಿಯಂ ತಟ್ಟೆ ಮತ್ತು ಅರ್ಧ ಕುಡಿದ ನೀರಿನ ಲೋಟ ಇದ್ದವು.

“ತಲೆಬುಡ ಇಲ್ಲದ ಚಿತ್ರ ಅಂತ ನಿಮಗೆ ಅನ್ನಿಸಬಹುದು,” ಎಂದು ಯಜಮಾನರು ವಿವರಿಸಲು ಹೊರಟರು. ಸರ್ರಿಯಲಿಸಂ ಎಂದರೆ ಹಾಗೆಯೇ, ಮನೆಯ ಲೋಟ ತಟ್ಟೆಯ ಪಕ್ಕದಲ್ಲಿ ಕನಸಿನ ವಸ್ತು ತಂದಿಡುವುದು; ತಟ್ಟೆ ನಿಜವಾದಷ್ಟೂ ಚಂದ್ರನೂ ನಿಜವೆನ್ನಿಸುತ್ತದೆ, ಚಂದ್ರ ಹುಚ್ಚಾದಷ್ಟೂ ತಟ್ಟೆಯೂ ಹುಚ್ಚೆನ್ನಿಸುತ್ತದೆ. ಮೇಷ್ಟ್ರಷ್ಟು ಚೆನ್ನಾಗಿ ಆ ಎರಡನ್ನೂ ಕೂಡಿಸಿದವರು ಇನ್ನೊಬ್ಬರಿಲ್ಲ.

ಪೊಲೀಸಮ್ಮ ಕೇಳಿಸಿಕೊಂಡಳು. ಆದರೆ ಅವಳ ಕಣ್ಣು ಚಂದ್ರನ ಅಂಚಿನಲ್ಲಿ ಸಿಕ್ಕಿಕೊಂಡಿತ್ತು. ಅಲ್ಲಿ ಸಾಸಿವೆಯಷ್ಟು ಸಣ್ಣ ಕಪ್ಪು ಚುಕ್ಕೆಗಳು, ಒಂದೇ ಅಂತರದಲ್ಲಿ, ಸುತ್ತಲೂ. ಚಿತ್ರವನ್ನು ಒಂದು ದಿನದ ಮಟ್ಟಿಗೆ ಕೊಡಿ ಎಂದು ಕೇಳಿ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಹೊರಟಳು.

* * *

ಮೇಷ್ಟ್ರ ಮನೆಯ ಹಿಂದಿನ ಕೋಣೆಯಲ್ಲಿ ಇನ್ನೂ ಬಣ್ಣ ಕಲಸುವ ಟರ್ಪೆಂಟೈನ್ ಎಣ್ಣೆಯ ವಾಸನೆಯಿತ್ತು. ಮೇಷ್ಟ್ರ ಹೆಂಡತಿ ಕಿಟಕಿ ತೆರೆದಳು. ಐವತ್ತು ದಾಟಿದ ಹೆಂಗಸು. ಮಾತಾಡಿದರೆ ದನಿ ಬೀರುವಿನಲ್ಲಿ ಬಹಳ ದಿನ ಇಟ್ಟು ತೆಗೆದ ಬಟ್ಟೆಯ ಹಾಗೆ, ಮಡಿಕೆ ಬಿದ್ದು, ಮಾಸಿ ಬರುತ್ತಿತ್ತು.

ಮಾರದೆ ಉಳಿದ ಚಿತ್ರಗಳು ಗೋಡೆಯ ಮೇಲಿದ್ದವು. ರೆಕ್ಕೆ ಬಿಚ್ಚಿ ಹಾರಲು ಹೊರಟ ಇಸ್ತ್ರಿ ಪೆಟ್ಟಿಗೆ. ನಲ್ಲಿಯಿಂದ ನೀರಿನ ಬದಲು ಬಕೆಟ್ಟಿಗೆ ಇಳಿಯುತ್ತಿರುವ ಉದ್ದನೆಯ ಜಡೆ. ಕುರ್ಚಿಯ ಮೇಲೆ ಕಾಲು ಇಳಿಬಿಟ್ಟು ಕೂತ ಬಾವಿ. ಪೊಲೀಸಮ್ಮ ಇಸ್ತ್ರಿ ಪೆಟ್ಟಿಗೆಯನ್ನು ನೋಡಿದಳು, ಆಮೇಲೆ ಕಪಾಟಿನತ್ತ ನೋಡಿದಳು. ಅದೇ ಪೆಟ್ಟಿಗೆ ಅಲ್ಲಿತ್ತು. ಹಿಡಿಯ ಬಳಿ ಸುಟ್ಟ ಕಲೆ, ತಿರುಚಿದ ವೈರಿಗೆ ಸುತ್ತಿದ ಕೆಂಪು ಟೇಪು, ಒಂದೂ ಬಿಡದೆ ಚಿತ್ರದಲ್ಲಿ ಇಳಿದಿತ್ತು. ಬಕೆಟ್ಟೂ ಬಚ್ಚಲಲ್ಲಿ ಇತ್ತು, ಸೀಳಿಗೆ ಹಾಕಿದ ತೇಪೆ ಸಮೇತ.

ಇನ್ನೂ ಹತ್ತಿರ ಹೋದಾಗ ಇನ್ನೊಂದು ಕಾಣಿಸಿತು. ಪೆಟ್ಟಿಗೆಯ ಮೇಲೆ ಕುಂಚ ಓಡಿದ ಗೀರುಗಳೆಲ್ಲ ಒಂದು ಕಡೆಗೆ ವಾಲಿದ್ದವು. ರೆಕ್ಕೆಯ ಗೀರುಗಳು ಅದಕ್ಕೆ ವಿರುದ್ಧವಾಗಿ, ಇನ್ನೊಂದು ಕಡೆಗೆ.

ಮೇಷ್ಟ್ರ ಹೆಂಡತಿ ನೀರಿನ ಲೋಟ ಚಾಚಿದಳು. ಎಡಗೈಯಲ್ಲಿ.

ಪೊಲೀಸಮ್ಮ ನೀರು ಕುಡಿದು ಲೋಟ ಕೆಳಗಿಟ್ಟಳು.

“ಈ ರೆಕ್ಕೆ ಬರೆದದ್ದು ನೀವು ಅಲ್ವಾ?”

ಆಕೆ ಮೂಲೆಯ ಸ್ಟೂಲಿನ ಮೇಲೆ ಮೆಲ್ಲಗೆ ಕೂತಳು. ಅಷ್ಟು ಹೊತ್ತು ನಿಂತಿದ್ದೇ ದೊಡ್ಡದು ಎನ್ನುವ ಹಾಗೆ.

“ಯಾರೂ ಕೇಳಿರಲಿಲ್ಲ,” ಎಂದಳು.

ಆಮೇಲೆ ತಾನಾಗಿಯೇ ಹೇಳಿದಳು. ಗಂಡ ಹೆಂಡತಿ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಯಾವ ಮಾತಿಗೆ ಮಾತು ಬಿಟ್ಟರೋ ಅದೂ ಮರೆತುಹೋಗಿತ್ತು. ಅವರು ಊಟ ಮಾಡಿದ ತಟ್ಟೆ ಇವಳು ತೊಳೆಯುತ್ತಿದ್ದಳು, ಇವಳು ಹಾಕಿದ ಚಿಲಕ ಅವರು ತೆಗೆಯುತ್ತಿದ್ದರು, ಅಷ್ಟೇ ಸಂಬಂಧ. ಒಂದು ಮಧ್ಯಾಹ್ನ ಅವರು ಇಸ್ತ್ರಿ ಪೆಟ್ಟಿಗೆ ಬರೆದಿಟ್ಟು ಎಲ್ಲಿಗೋ ಹೋಗಿದ್ದರು. ಅದುವರೆಗೆ ಕುಂಚ ತೊಳೆದು ಮಾತ್ರ ಗೊತ್ತಿದ್ದ ಇವಳಿಗೆ ಏನನ್ನಿಸಿತೋ, ಆ ಪೆಟ್ಟಿಗೆಗೆ ರೆಕ್ಕೆ ಬರೆದಳು. ಸಂಜೆ ಅವರು ಬಂದು ನೋಡಿದರು. ಬೈಯಲಿಲ್ಲ. ಮಾರನೆಯ ದಿನ ನಲ್ಲಿ ಬರೆದು, ಕೆಳಗೆ ಬಕೆಟ್ಟು ಬರೆದು, ನಡುವೆ ಖಾಲಿ ಬಿಟ್ಟು ಹೋದರು.

“ಅವರು ಜಾಗ ಬಿಡ್ತಿದ್ರು, ನಾನು ತುಂಬ್ತಿದ್ದೆ. ಸಂಸಾರ ಅಂತ ಉಳಿದದ್ದು ಅಷ್ಟೇ.”

“ಪೇಪರಿನವರೆಲ್ಲ ಅವರನ್ನ ಕನಸುಗಾರ ಅಂತ ಬರೆದ್ರಲ್ಲ?”

ಆಕೆಯ ತುಟಿಯ ಕೊನೆ ಸ್ವಲ್ಪ ಸರಿಯಿತು. ನಗುವೋ ಏನೋ. “ಅವರಿಗೆ ಕನಸೇ ಬೀಳ್ತಿರಲಿಲ್ಲ. ಮಲಗಿದ್ರೆ ಕೊರಡು. ಕಣ್ಣೆದುರು ಇಲ್ಲದ್ದನ್ನ ಬರೆಯೋಕೆ ಅವರ ಕೈಲಿ ಆಗ್ತಾನೇ ಇರಲಿಲ್ಲ. ಒಂದ್ಸಲ ಮೋಡ ಬೇಕಾಗಿ ಕಿಟಕಿ ಹತ್ರ ಕೂತು ದಿನಗಟ್ಟಲೆ ಕಾದಿದ್ರು, ಮೋಡ ಬರಲಿ ಅಂತ.”

ಇಡೀ ಜಗತ್ತು ಹೊಗಳಿದ್ದು ರೆಕ್ಕೆಯನ್ನು, ಜಡೆಯನ್ನು, ಕಾಲು ಇಳಿಬಿಟ್ಟ ಬಾವಿಯನ್ನು. ಹೊಗಳಿಸಿಕೊಂಡದ್ದು ಪೆಟ್ಟಿಗೆ ಬರೆದವರು. ಬೇಜಾರಾಗಲಿಲ್ಲವೇ ಎಂದು ಪೊಲೀಸಮ್ಮ ಕೇಳಿದಳು. ಬೇಜಾರು ಯಾಕೆ, ಹೆಸರು ತಗೊಂಡು ಏನು ಮಾಡಲಿ, ಬೆಳಗಾದರೆ ಜಾಗ ಬಿಟ್ಟಿರುತ್ತಿದ್ದರಲ್ಲ, ಅಷ್ಟು ಸಾಕಾಗಿತ್ತು ಎಂದಳು ಆಕೆ. ಹಾಗೆನ್ನುವಾಗ ಗೋಡೆಯ ಕಡೆ ತಿರುಗಿ ಕೂತಳು.

ಪೊಲೀಸಮ್ಮನಿಗೆ ಮರುಕವಾಯಿತು. ಒಂದೇ ಸೂರಿನ ಕೆಳಗೆ ಇಬ್ಬರಿದ್ದೂ ಇಷ್ಟು ಒಂಟಿಯಾಗಿ ಬದುಕಬಹುದೇ? ತಾನಾದರೆ ನಿಜವಾಗಿಯೂ ಒಬ್ಬಳೇ ಇರುವವಳು. ಅದರಲ್ಲಿ ಒಂದು ಲೆಕ್ಕಕ್ಕೆ ನೆಮ್ಮದಿಯುಂಟು. ಇಲ್ಲದವರಿಂದ ಯಾರೂ ಮಾತು ನಿರೀಕ್ಷಿಸುವುದಿಲ್ಲ.

ಆದರೆ ಮರುಕ ಬೇರೆ, ಕೆಲಸ ಬೇರೆ. ಅವಳು ಬೆಡ್‌ಶೀಟು ಬಿಚ್ಚಿ ಹೊಸ ಚಿತ್ರವನ್ನು ಕಿಟಕಿಯ ಬೆಳಕಿಗೆ ಒರಗಿಸಿದಳು.

“ಇದನ್ನ ನೀವು ಅಂಗಡಿ ಕಿಟಕಿಯಲ್ಲಿ ನೋಡಿದ ಕೂಡ್ಲೇ ನಿಮಗೆ ಗೊತ್ತಾಗಿತ್ತು. ನಕಲು ಅಂತ ನನ್ನ ಹತ್ರ ಯಾಕೆ ಹೇಳಿದ್ರಿ?”

ಹಿತ್ತಲಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಕೇಳಿಸುತ್ತಿತ್ತು.

“ಆ ತಟ್ಟೆ, ಆ ಲೋಟ ನೋಡಿ. ಅದು ಅವರ ಕೈ,” ಎಂದಳು ಕೊನೆಗೆ. “ಕೆರೆಯಿಂದ ತೆಗೆದ ದೇಹಕ್ಕೆ ಮುಖ ಅನ್ನೋದೇ ಉಳಿದಿರಲಿಲ್ಲ. ಶರ್ಟು ನೋಡಿ ಹೌದು ಅಂದೆ. ಅವರು ಬದುಕಿದ್ದಾರೆ ಅಂತ ಈಗ ಹೇಳಿದ್ರೆ ನೀವೇ ಏನಂತಿದ್ರಿ? ಗಂಡ ಹೋದ ದುಃಖಕ್ಕೆ ತಲೆ ಕೆಟ್ಟಿದೆ ಅಂತಿದ್ರಿ.”

“ಮೆಟ್ಟಿಲು, ಚಂದ್ರ, ದೋಣಿ? ಅದೆಲ್ಲ ಯಾರ ಕೈ?”

“ನನ್ನದಲ್ಲ. ನಾನಾದ್ರೆ ಚಂದ್ರನ್ನ ಹಾಗೆ ಗೋಡೆಗೆ ಒರಗಿಸ್ತಿರಲಿಲ್ಲ.” ಆಕೆ ಎದ್ದು ಚಿತ್ರದ ಮುಂದೆ ಮೊಣಕಾಲೂರಿದಳು. ಎಡಗೈಯ ತೋರುಬೆರಳು ಮೆಟ್ಟಿಲಿನ ಮೇಲೆ, ಚಂದ್ರನ ಮೇಲೆ, ದೋಣಿಯ ಮೇಲೆ ಗಾಳಿಯಲ್ಲೇ ಹರಿದಾಡಿತು. “ಇದರಲ್ಲಿ ಬೇರೆ ಯಾರ ಕೈಯೂ ಇಲ್ಲ. ಪೂರ್ತಿ ಅವರದೇ.”

ಪೊಲೀಸಮ್ಮ ಚಿತ್ರದ ಹತ್ತಿರಕ್ಕೆ ಬಗ್ಗಿದಳು.

ಕಣ್ಣೆದುರು ಇಲ್ಲದ್ದನ್ನು ಬರೆಯಲಾರದ ಮನುಷ್ಯ. ಪೂರ್ತಿ ಅವನದೇ ಕೈ. ಹಾಗಿದ್ದರೆ ಈ ಚಿತ್ರದಲ್ಲಿ ಹುಚ್ಚು ವಸ್ತು ಎನ್ನುವುದೇ ಇಲ್ಲ. ಮೆಟ್ಟಿಲೂ ಅಷ್ಟೇ ನಿಜ, ತಟ್ಟೆಯೂ ಅಷ್ಟೇ ನಿಜ. ಎಲ್ಲಿಗೂ ಹೋಗದ ಮೆಟ್ಟಿಲು, ಗೋಡೆಗೆ ಒರಗಿದ ಚಂದ್ರ, ಅರ್ಧ ದೋಣಿ, ಇವೆಲ್ಲ ಒಂದೇ ಕಡೆ ಇರುವ ಜಾಗ ಈ ಭೂಮಿಯ ಮೇಲೆ ಎಲ್ಲೋ ಇದೆ. ಅದರ ನಡುವೆ ಕೂತು ಅವರು ಬರೆದಿದ್ದಾರೆ.

ಚಂದ್ರನ ಅಂಚಿನ ಚುಕ್ಕೆಗಳು ಈಗ ತಾವೇ ಬಾಯಿಬಿಟ್ಟವು. ಅವು ಮೊಳೆಗಳು. ಕನಸಿನ ಚಂದ್ರನಿಗೆ ಮೊಳೆ ಯಾಕೆ ಬೇಕು? ಬಟ್ಟೆಯ ಮಡಿಕೆಯೊಳಗೆ ಕಂಡ ನೀಲಿ, ಬಿಳಿಯೂ ಯಾರೋ ಹಿಂದೆಯೇ ಬರೆದಿಟ್ಟ ಆಕಾಶ, ಮೋಡ.

ಅವಳು ಮುಖ ಬಿಗಿ ಹಿಡಿದು ಚಿತ್ರವನ್ನು ಮತ್ತೆ ಸುತ್ತಿದಳು. ನೋಡೋಣ, ಏನಾದರೂ ತಿಳಿದರೆ ಹೇಳುತ್ತೇನೆ ಎಂದು ಹೊರಟಳು. ಹೊಸಿಲು ದಾಟಿದ ಮೇಲೆ, ಬಾಯಿ ಸುಮ್ಮನಿರಲಿಲ್ಲ.

“ಮೇಷ್ಟ್ರು ಹಿಂದೆ ಯಾವಾಗಾದ್ರೂ ನಾಟಕದವರಿಗೆ ಪರದೆ ಬರೀತಿದ್ರಾ?”

ಬಾಗಿಲು ಹಾಕುತ್ತಿದ್ದ ಕೈ ಅರ್ಧಕ್ಕೆ ನಿಂತಿತು.

“ಮದುವೆಗೆ ಮುಂಚೆ,” ಎಂದಳು ಮೇಷ್ಟ್ರ ಹೆಂಡತಿ. “ಹಳೆ ಪರದೆ ಎದುರಿಗಿಟ್ಟುಕೊಂಡು ಹೊಸದಕ್ಕೆ ಇಳಿಸ್ತಿದ್ರಂತೆ. ನಾನು ಆ ಜಾಗ ನೋಡಿಲ್ಲ.”

* * *

ಬಸ್ ನಿಲ್ದಾಣದ ಹೋಟೆಲಿನಲ್ಲಿ ಪೊಲೀಸಮ್ಮ ಊಟಕ್ಕೆ ಕೂತಳು. ಎದುರಿನ ಕುರ್ಚಿಯಲ್ಲಿ ಯಾರಾದರೂ ಕೂರುತ್ತಾರೆಯೇ ಎಂದು ಮಾಣಿ ಕೇಳಿದ. ಇಲ್ಲವೆಂದಳು. ಅವನು ಕುರ್ಚಿ ಎತ್ತಿಕೊಂಡು ಹೋಗಿ, ನಗುನಗುತ್ತ ಬಂದಿದ್ದ ದೊಡ್ಡ ಸಂಸಾರವೊಂದರ ಮೇಜಿಗೆ ಸೇರಿಸಿದ. ದಿನಾ ನಡೆಯುವ ಮಾತೇ. ಆದರೂ ಇವತ್ತು ಆ ಖಾಲಿ ಜಾಗ ಕಣ್ಣಿಗೆ ಚುಚ್ಚಿತು. ತನ್ನ ಬಾಗಿಲಿಗೆ ಬಿದ್ದ ಬೀಗದ ಮೇಲೆ ಧೂಳು ಕೂತರೆ ಎಷ್ಟು ದಿನಕ್ಕೆ ಯಾರಿಗೆ ತಿಳಿದೀತು ಎಂದು ಯೋಚಿಸಿ, ತುತ್ತು ನುಂಗಿ, ಯೋಚನೆಯನ್ನೂ ನುಂಗಿದಳು.

ಹಳೆಯ ನಾಟಕ ಮಂದಿರ ಹುಡುಕುವುದು ಕಷ್ಟವಾಗಲಿಲ್ಲ. ಊರಲ್ಲಿ ಇದ್ದದ್ದೇ ಒಂದು. ನಾಟಕದ ಕಂಪನಿ ಮುಚ್ಚಿ ಬಹಳ ಕಾಲವಾಗಿತ್ತು. ಟಿಕೆಟ್ ಕೊಡುವ ಕಿಂಡಿಯಲ್ಲಿ ಪಾರಿವಾಳ ಗೂಡು ಕಟ್ಟಿತ್ತು. ಹಿಂಭಾಗದಲ್ಲಿ ತಗಡಿನ ಸೂರಿನ ಉದ್ದನೆಯ ಉಗ್ರಾಣ. ಅದರ ಮುಂದೆ, ಬಿಸಿಲಿಗೆ ಬೆನ್ನು ಕೊಟ್ಟು, ಟೋಪಿಯನ್ನು ಮೂಗಿನ ಮೇಲೆ ಎಳೆದುಕೊಂಡು ಕಾವಲಿನ ಮುದುಕ ಕೂತಲ್ಲೇ ನಿದ್ದೆ ಹೋಗಿದ್ದ. ಪೊಲೀಸಮ್ಮ ಎರಡು ಸಲ ಕೆಮ್ಮಿದಳು. ಅಲುಗಲಿಲ್ಲ. ಕಿವಿ ಮಂದ ಎಂದು ಅಂಗಡಿಯವರು ಹೇಳಿದ್ದು ಸುಳ್ಳಲ್ಲ.

ಪಕ್ಕದ ಸಣ್ಣ ಬಾಗಿಲು ತಳ್ಳಿದರೆ ತೆರೆದುಕೊಂಡಿತು.

ಒಳಗೆ ಕಾಲಿಟ್ಟವಳು ಹಾಗೆಯೇ ನಿಂತಳು. ಎದುರಿಗೆ ಮೆಟ್ಟಿಲಿತ್ತು. ಯಾವ ಕಾಲದಲ್ಲೋ ಯಾವುದೋ ರಾಣಿ ಇಳಿದು ಬರಲೆಂದು ಮಾಡಿದ್ದು. ಮೇಲೆ ಅರಮನೆಯಿಲ್ಲದೆ ಗಾಳಿಯಲ್ಲಿ ಮುಗಿದುಹೋಗಿತ್ತು. ಗೋಡೆಗೆ ಪ್ಲೈವುಡ್ಡಿನ ಚಂದ್ರ ಒರಗಿದ್ದ, ಸುತ್ತ ಮೊಳೆ ತುಕ್ಕು ಹಿಡಿದಿತ್ತು. ತೊಲೆಗೆ ಕಟ್ಟಿದ ಹಗ್ಗದಲ್ಲಿ ಅರ್ಧ ದೋಣಿ ತೂಗುತ್ತಿತ್ತು. ನೋಡುವವರಿಗೆ ಕಾಣುವ ಬದಿ ಮಾತ್ರ ಇದ್ದರೆ ಸಾಕೆಂದು ಇನ್ನರ್ಧ ಮಾಡಿಯೇ ಇರಲಿಲ್ಲ. ದೋಣಿಯ ಕೆಳಗಿನ ಸಿಂಹಾಸನದ ಮೇಲೆ ಒಂದು ಅಲ್ಯೂಮಿನಿಯಂ ತಟ್ಟೆ, ಇನ್ನೂ ಒದ್ದೆ.

ಸೂರಿನ ತೂತಿನಿಂದ ಬಿಸಿಲಿನ ಕಡ್ಡಿಗಳು ಇಳಿದಿದ್ದವು. ಚಿತ್ರದೊಳಕ್ಕೆ ತಾನೇ ನಡೆದು ಹೊಕ್ಕ ಹಾಗೆ ಅವಳಿಗೆ ಅನ್ನಿಸಿತು.

ಚಿತ್ರ ಬರೆದವರು ಎಲ್ಲಿ ಕೂತಿದ್ದರೆ ಇವೆಲ್ಲ ಹೀಗೇ ಕಾಣುತ್ತವೆ ಎಂದು ಅವಳು ಒಂದೊಂದೇ ಹೆಜ್ಜೆ ಹಿಂದೆ ಸರಿದಳು. ಚಿತ್ರದಲ್ಲಿದ್ದಂತೆ ಮೆಟ್ಟಿಲಿನ ತುದಿ ಚಂದ್ರನನ್ನು ಮುಟ್ಟಿದ ಹಾಗೆ ಕಾಣುವಷ್ಟು ಹಿಂದೆ. ಬೆನ್ನಿಗೆ ಪರದೆಯೊಂದು ತಾಗಿತು, ಮರಗಿಡಗಳ ಕಾಡು ಬರೆದ ಪರದೆ.

“ಅಲ್ಲೇ ನಿಲ್ಲಿ,” ಎಂದಿತು ಪರದೆಯ ಹಿಂದಿನ ದನಿ. “ಯಾರು ನೀವು?”

ಪೊಲೀಸಮ್ಮ ಹೇಳಿದಳು. ಕಾಡಿನ ಅಂಚು ಸರಿಯಿತು. ಗಡ್ಡ ಬೆಳೆದು, ಕಣ್ಣು ಗುಳಿಬಿದ್ದು, ಬಣ್ಣ ಮೆತ್ತಿದ ಕಂಬಳಿ ಹೊದ್ದಿದ್ದ ಮನುಷ್ಯ. ಪೇಪರಿನ ಫೋಟೋದಲ್ಲಿ ಕಂಡಿದ್ದ ಮೇಷ್ಟ್ರು ಇವರೇ ಎನ್ನಲು ಸ್ವಲ್ಪ ಹೊತ್ತು ಬೇಕಾಯಿತು.

“ನಿಮ್ಮನ್ನ ಯಾರು ಕೂಡಿ ಹಾಕಿದ್ದು?” ಎಂದಳು.

“ಯಾರೂ ಇಲ್ಲ. ನಾನೇ ಕೂತಿದ್ದೇನೆ.”

ಅವರು ಮಾತಾಡಲು ತವಕಿಸುತ್ತಿದ್ದರು. ಎಷ್ಟೋ ದಿನ ಕಿವುಡ ಮುದುಕನೊಬ್ಬನ ಹೊರತು ಯಾರೂ ಇಲ್ಲದವರ ತವಕ ಅದು. ಒಂದು ಮಾತಿಗೆ ಇನ್ನೊಂದು ತಾಗಿ ಬರುತ್ತಿತ್ತು. ಹೊಟ್ಟೆಪಾಡಿಗೆಂದು ಆ ಚಿತ್ರ ಕಳಿಸಿದ್ದಂತೆ. ಸಹಿ ಹಾಕಿರಲಿಲ್ಲ. ಯಾರೂ ಗುರುತು ಹಿಡಿಯಬಾರದು ಎಂದೇ ಇತ್ತು. ಯಾರಾದರೂ ಹಿಡಿಯಲಿ ಎಂದೂ ಇತ್ತೇನೋ, ಒಬ್ಬನೇ ಕೂತು ಕೂತು ಅದೂ ಸರಿಯಾಗಿ ಗೊತ್ತಾಗುತ್ತಿರಲಿಲ್ಲ ಎಂದರು.

“ಕೆರೆಯಲ್ಲಿ ಸಿಕ್ಕ ದೇಹ ಯಾರದು, ಮೇಷ್ಟ್ರೇ?”

ಅವರು ಕಂಬಳಿಯನ್ನು ಎಳೆದುಕೊಂಡರು.

“ಚೌಕಟ್ಟಿನವನದು.”

ಬೀಗದ ಮೇಲಿನ ಧೂಳು ಪೊಲೀಸಮ್ಮನ ಕಣ್ಣಿಗೆ ಕಟ್ಟಿತು. ಅಷ್ಟು ದಿನ ಅವನನ್ನು ಯಾರೂ ಹುಡುಕಿರಲಿಲ್ಲ. ಅವನ ದೇಹಕ್ಕೆ ಬೇರೆಯವರ ಹೆಸರಿಟ್ಟು, ಬೇರೆಯವರ ಅಭಿಮಾನಿಗಳು ಹೂವು ಹಾಕಿ ಅತ್ತು ಕಳಿಸಿದ್ದರು. ಅವನಿಗೆಂದು ಒಂದು ಹನಿಯೂ ಬಿದ್ದಿರಲಿಲ್ಲ.

ಅವನದೂ ನನ್ನಷ್ಟೇ ಎತ್ತರ, ನನ್ನದೇ ಭುಜ ಎಂದರು ಮೇಷ್ಟ್ರು. ಹಿಂದಿನ ದಿನ ಅವನ ಶರ್ಟಿನ ಮೇಲೆ ವಾರ್ನಿಷ್ ಚೆಲ್ಲಿತ್ತು. ಇವರು ತಮ್ಮದೊಂದನ್ನು ಕೊಟ್ಟಿದ್ದರು. ಬೆಳಗ್ಗೆ, ಮೇಷ್ಟ್ರು ದಿನಾ ತಿರುಗಾಡಲು ಹೋಗುವ ಕೆರೆಯ ಬಳಿ ಸಿಗೋಣ, ಅಲ್ಲಿಂದ ಬಸ್ಸು ಹತ್ತಿ ಬೇರೆ ಊರಿಗೆ ಹೋಗೋಣ ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಮೇಷ್ಟ್ರು ಮನೆ ಬಿಡುವುದೆಂದು ತೀರ್ಮಾನಿಸಿದ್ದರು. ಮನೆಯಿಂದ ಮೊದಲೇ ಹೊರಟರೂ, ಬಸ್ಸಿನ ಹೊತ್ತು ವಿಚಾರಿಸಿ ಬರುವಷ್ಟರಲ್ಲಿ ಇವರಿಗೆ ಸ್ವಲ್ಪ ತಡವಾಯಿತು. ಕೆರೆಯ ಏರಿ ಹತ್ತುವಾಗ ನಡೆದದ್ದನ್ನು ದೂರದಿಂದಲೇ ಕಂಡರು.

“ಅವನು ನೀರಿನ ಕಡೆ ಮುಖ ಮಾಡಿ ನಿಂತಿದ್ದ. ಹಿಂದಿನಿಂದ ಬಂದು ತಳ್ಳಿದವರಿಗೆ ನನ್ನ ಶರ್ಟು ಮಾತ್ರ ಕಂಡಿದೆ.”

“ಹಿಂದಿನಿಂದ ಬಂದದ್ದು ಯಾರು?”

ಮೇಷ್ಟ್ರು ಎದ್ದು, ಪರದೆಗಳ ನಡುವಿನಿಂದ ಇನ್ನೊಂದು ಚಿತ್ರ ಎಳೆದು ತಂದರು. ಅದೇ ಒರಟು ಬಟ್ಟೆ. ಬೆಳಗಿನ ಕೆರೆ, ಕಲ್ಲಿನ ಮೆಟ್ಟಿಲು, ಒದ್ದೆಯ ಪಾಚಿ. ನೀರಿಗೆ ಮುಖ ಮಾಡಿ ನಿಂತ ಒಬ್ಬ ಗಂಡಸಿನ ಬೆನ್ನು. ಗೆರೆಗೆರೆಯ ಶರ್ಟಿನ ಒಂದೊಂದು ನೂಲೂ ಎಣಿಸಬಹುದು. ಅವನ ಹಿಂದೆ, ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ, ಬರೀ ಬಟ್ಟೆ. ಅಲ್ಲಿ ಬಣ್ಣ ಮುಟ್ಟಿಯೇ ಇರಲಿಲ್ಲ.

“ಇದನ್ನ ಯಾಕೆ ಬಿಟ್ರಿ? ನೋಡಿದ್ದೀರಲ್ಲ.”

“ಎಷ್ಟೋ ಸಲ ಕುಂಚ ಎತ್ತಿದೆ,” ಎಂದರು ಮೇಷ್ಟ್ರು. “ಖಾಲಿ ಜಾಗ ಅಂದ್ರೆ ನನ್ನ ಕೈ ತಾನಾಗೇ ನಿಂತುಬಿಡುತ್ತೆ. ಅದನ್ನ ತುಂಬೋದು ಯಾವಾಗಲೂ ಅವಳು.”

ಪೊಲೀಸಮ್ಮನಿಗೆ ಕಿಟಕಿಯ ಬೆಳಕಿನಲ್ಲಿ ಗಾಳಿಯಲ್ಲೇ ಹರಿದಾಡಿದ ಎಡಗೈ ಬೆರಳು ನೆನಪಾಯಿತು. ಮರುಕಪಟ್ಟಿದ್ದು ನೆನಪಾಯಿತು. ಆ ಹೆಂಗಸು ಆ ಕೋಣೆಯಲ್ಲಿ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಒಂದನ್ನು ಮಾತ್ರ ಹೇಳಿರಲಿಲ್ಲ.

ಆದರೆ ಇವರನ್ನಾದರೂ ಹೇಗೆ ನಂಬುವುದು? ಹೆಂಡತಿಯ ಮೇಲೆ ತಪ್ಪು ಹೊರಿಸಿ ತಾನೇ ಕೊಂದು ಅಡಗಿರುವ ಗಂಡಂದಿರನ್ನು ಪೊಲೀಸು ಕೆಲಸದಲ್ಲಿ ಅವಳು ಕಂಡಿದ್ದಳು. ಬಸ್ಸು ಹತ್ತಿ ಓಡಿಹೋಗಲು ಹೊರಟಿದ್ದವರು ಇವರೇ. ಶರ್ಟು ಕೊಟ್ಟವರೂ ಇವರೇ.

“ಕೂಗಬಹುದಿತ್ತಲ್ಲ?” ಎಂದಳು, ಸ್ವಲ್ಪ ಬಿರುಸಾಗಿಯೇ.

“ಕೂಗಿದ್ರೆ ತಿರುಗಿ ನೋಡ್ತಿದ್ದಳು.” ಅವರು ತಲೆ ತಗ್ಗಿಸಿದರು. “ಹಿಂದಿನ ರಾತ್ರಿ ಅವಳ ಹತ್ರ ಮಾತಾಡಿದೆ. ವರ್ಷಗಳ ಮೇಲೆ ಮೊದಲ ಸಲ. ಇನ್ನು ಮೇಲೆ ಜಾಗ ಬಿಡೋದಿಲ್ಲ, ಒಬ್ಬನೇ ಬರೀತೀನಿ ಅಂದೆ. ಅಷ್ಟೇ ಅಂದದ್ದು. ಅವಳ ಮುಖ ನಾನು ಆಗ ನೋಡಿದೆ. ಅದನ್ನೂ ಬರೆಯೋಕೆ ಆಗ್ಲಿಲ್ಲ ನನ್ನ ಕೈಲಿ.”

ಹೊರಗೆ ಪಾರಿವಾಳಗಳು ಒಮ್ಮೆಗೇ ರೆಕ್ಕೆ ಬಡಿದು ಎದ್ದವು. ಮೇಷ್ಟ್ರು ಬಾಗಿಲಿನತ್ತ ತಿರುಗಿದರು.

“ನಿಮ್ಮನ್ನ ಇಲ್ಲಿಗೆ ಕಳಿಸಿದ್ದು ಯಾರು?”

ಪೊಲೀಸಮ್ಮನೂ ಬಾಗಿಲಿನತ್ತ ನೋಡಿದಳು. ಹೊಸಿಲಿನಾಚೆ ನಿಂತು ತಾನು ಕೇಳಿದ ಒಂದೇ ಒಂದು ಪ್ರಶ್ನೆ, ಅರ್ಧಕ್ಕೆ ನಿಂತ ಆ ಕೈ. ಹೋಟೆಲಿನಲ್ಲಿ ಅಷ್ಟು ಹೊತ್ತು ಕೂತು ಉಂಡಿದ್ದಳು. ಬೀದಿಯುದ್ದಕ್ಕೂ ಒಮ್ಮೆಯೂ ಹಿಂತಿರುಗಿ ನೋಡಿರಲಿಲ್ಲ. ತನ್ನ ಹಿಂದೆ ಬರುವವರು ಯಾರಿದ್ದಾರೆ ಎಂಬ ಅಭ್ಯಾಸ ಅಷ್ಟು ಹಳೆಯದು.

“ಒಬ್ಬರೇ ಬಂದ್ರಾ?” ಮೇಷ್ಟ್ರು ಮತ್ತೆ ಕೇಳಿದರು. ದನಿ ಸಣ್ಣದಾಗಿತ್ತು.

“ಒಬ್ಬಳೇ ಬಂದೆ ಅಂದುಕೊಂಡಿದ್ದೆ.”

ಸಣ್ಣ ಬಾಗಿಲು ಕಿರ್ರೆಂದಿತು. ಬಿಸಿಲಿನ ಪಟ್ಟಿಯೊಂದು ನೆಲದ ಮೇಲೆ ಹಾಸಿಕೊಂಡು ಬಂದು, ನಿಂತು, ಮತ್ತೆ ಕಿರಿದಾಗಿ ಮುಚ್ಚಿಹೋಯಿತು. ಒಳಗಿನಿಂದ ಚಿಲಕ ಹಾಕಿದ ಸದ್ದು, ನಿಧಾನಕ್ಕೆ, ಮನೆಯೊಡತಿ ಸಂಜೆ ಚಿಲಕ ಹಾಕುವ ಹಾಗೆ. ಆಮೇಲೆ ಸೀರೆಯ ಸರಬರ. ಆಮೇಲೆ ಏನೂ ಇಲ್ಲ.

“ಪೊಲೀಸಮ್ಮಾ,” ಎಂದಿತು ಆ ಮಾಸಿದ ದನಿ, ಮೆಟ್ಟಿಲಿನ ಆಚೆಯಿಂದ, ಬಹಳ ಮೆಲ್ಲಗೆ. “ಸಿಕ್ಕಿದ್ರಾ ನಮ್ಮನೆಯವರು?”

ಮೇಷ್ಟ್ರ ತಣ್ಣನೆಯ ಕೈ ಪೊಲೀಸಮ್ಮನ ಮಣಿಕಟ್ಟು ಹಿಡಿಯಿತು.

“ಇಲ್ಲ ಅನ್ನಿ,” ಎಂದರು ಅವರು, ಉಸಿರಿನಲ್ಲೇ.